ರೂತಳಿಗಿದ್ದ ತವರುಮನಿ

ಏನ್ರೀ,

ದೀಕ್ಷಾಸ್ನಾನಕ್ಕ ನನ್ನ ಕೈ ಹಿಡಿದು ಕರಕೊಂಡು ಹೋದವರು ನೀವು. ಪ್ರಾಯಶ್ಚಿತ್ತ ಮಾಡಿಸಿಕೊಂಡು ಮತ್ತ ಜಾತಿಗೆ ಸೇರಿ, ಸಂಡೂರಾಗ ಬ್ಯಾರೆ ಮದುವಿ ಆದವರೂ ನೀವೇ. ಹಾಸಿಗಿ ಹಿಡಿದ ನಿಮ್ಮವ್ವನ್ನ ನನಗ ಬಿಟ್ರಿ.

ಇವತ್ತು ಪಾದ್ರಿಗಳು ಬೈಬಲಿನ ರೂತಳ ಕಥಿ ಹೇಳಿದರು. ಗಂಡ ಸತ್ತರೂ ಅತ್ತಿ ಕೈ ಬಿಡದ ಸೊಸಿ. “ನಮ್ಮ ಚಿತ್ತವಾಡ್ಗಿ ಊರಿನ ರೂತಳೂ ಇಲ್ಲೇ ಕುಂತಾಳ ನೋಡ್ರಿ” ಅಂತ ನನ್ನ ತೋರಿಸಿದರು. ನಾನು ತಲಿ ತಗ್ಗಿಸಿದೆ.

ಮನಿಗೆ ಬಂದು, ನಿಮ್ಮವ್ವಗ ನೀರು ಕೊಡಾಕ ಎಂದಿನಂಗ ನೆರಮನಿ ಅಕ್ಕನಾಗಮ್ಮನ್ನ ಕರದೆ. ನನ್ನ ಕೈಲೆ ಮೈ ತೊಳಿಸಿಕೊಂತಾಳ, ನನ್ನ ಕೈ ನೀರು ಮಾತ್ರ ಕುಡಿಯಂಗಿಲ್ಲ.

ತವರಿಗೆ ಹೋಗು ಅಂತ ರೂತಳಿಗೆ ಅತ್ತಿನೇ ಹೇಳಿದ್ದಳಂತ. ನನಗ ದೀಕ್ಷೆ ಆದ ದಿನಾನೇ ಕಂಪ್ಲಿಯೊಳಗ ನಮ್ಮಪ್ಪ ನನ್ನ ಹೆಸರಿಗೆ ಎಳ್ಳುನೀರು ಬಿಟ್ಟ. ಈ ಕಾಗದ ಕಳಸಂಗಿಲ್ಲ, ಅದಕ್ಕ ಖರೇ ಬರೀತೀನಿ. ಆ ಮನಿ ಬಾಗಿಲು ತೆರೆದಿದ್ದರ ನಾನು ಎಂದೋ ಹೋಗಿರತಿದ್ದೆ.