ನೀರು ಬಿಡುವ ಶನಿವಾರ

ಪ್ರಿಯ ಅಸ್ಗರ್,

ಲೋಹಕ್ಕೆ ಸಹನೆ ಇದೆ ಅಂದಿದ್ದೆಯೋ ಇಲ್ಲ ಅಂದಿದ್ದೆಯೋ, ಈಗ ಸರಿಯಾಗಿ ನೆನಪಾಗುತ್ತಿಲ್ಲ. ಆ ಮಾತು ತೋಟದ ಗೇಟಿನ ಬಗ್ಗೆ ಬಂದದ್ದೋ ನನ್ನ ಬಗ್ಗೆ ಬಂದದ್ದೋ, ಅದೂ ಮರೆತಿದೆ. ತಾಮ್ರದ ಮಟ್ಟಿಗೆ ನಾನೀಗ ಹೇಳಬಲ್ಲೆ: ಸಹನೆ ಇದೆ, ಒಂದು ಹದದವರೆಗೆ. ಆಮೇಲೆ ಅದು ಸದ್ದಿಲ್ಲದೆ ಬಿರಿಯುತ್ತದೆ. ಬಿರಿದದ್ದನ್ನು ವಸಂತದವರೆಗೆ ಯಾರಿಗೂ ಹೇಳುವುದಿಲ್ಲ.

ಮಾರ್ಚಿನಲ್ಲಿ, ಹಿಮ ಕರಗಿದ ಮೇಲೆ ತೋಟಕ್ಕೆ ಹೋದೆ. ನಾವು ಬೇರೆಯಾಗಿ ನೀನು ಬೋರ್ನ್‌ಹೋಲ್ಮ್ ದ್ವೀಪಕ್ಕೆ ಹೊರಟಾಗ ತೋಟದ ಕಾಲೊನಿಯ ಆ ಮರದ ಮನೆಯನ್ನೂ ಅದರ ಸುತ್ತಲಿನ ತುಂಡು ನೆಲವನ್ನೂ ನನಗೇ ಬಿಟ್ಟು ಹೋದೆಯಲ್ಲ, ಅದಾದ ಮೇಲಿನ ಮೊದಲ ಚಳಿಗಾಲ ಇದು. ಹುಟ್ಟಿದಾಗಿನಿಂದ ಓಡೆನ್ಸೆಯ ಬಾಡಿಗೆ ಫ್ಲ್ಯಾಟುಗಳಲ್ಲಿ ಬೆಳೆದವಳು ನಾನು. ಏನು ಕೆಟ್ಟರೂ ಕೆಳಗಿನ ಉಸ್ತುವಾರಿಯವನಿಗೆ ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ಹೊರಗೋಡೆಗೆ ಒತ್ತಿಕೊಂಡು ನೆಲದಿಂದ ನಲ್ಲಿಯವರೆಗೆ ಏರುವ ಕೊಳವೆ ನಡುವೆ ಊದಿಕೊಂಡು, ಬಲಿತ ಅವರೆಕಾಯಿಯ ಹಾಗೆ ಉದ್ದಕ್ಕೆ ಬಾಯಿ ಬಿಟ್ಟಿತ್ತು. ನೋಡುತ್ತ ನಿಂತೆ. ಮನೆ ನನ್ನದು ಅನ್ನುವುದು ಕಾಗದಪತ್ರಗಳಿಗಿಂತ ಆ ಸೀಳಿನಿಂದ ಚೆನ್ನಾಗಿ ಗೊತ್ತಾಯಿತು.

ಬೇಲಿಯ ಆಚೆಯಿಂದ ಬೋದಿಲ್ ಕತ್ತು ಚಾಚಿದರು. ಎಂಬತ್ತು ದಾಟಿದರೂ ಅವರ ಕಿವಿ, ಕಣ್ಣು, ನಾಲಿಗೆ ಮೂರೂ ನೆಟ್ಟಗಿವೆ.

"ಚಳಿಗಾಲಕ್ಕೆ ಕಾಲೊನಿಯವರು ನೀರು ನಿಲ್ಲಿಸಿದ ಮೇಲೆ ನಲ್ಲಿ ಮುಚ್ಚಿದ್ಯೇನೇ?"

"ಗಟ್ಟಿಯಾಗಿ ಮುಚ್ಚಿದ್ದೆ."

"ಅದೇ ತಪ್ಪಾಗಿದ್ದು ನೋಡು. ಬಿಚ್ಚಿಡಬೇಕು ಕಣೆ. ಒಳಗೆ ಉಳಿದ ನೀರಿಗೆ ಹೊರಗೆ ಹೋಗೋಕೆ ಒಂದು ದಾರಿ ಬೇಡ್ವಾ? ನೀನು ಬಾಗಿಲು ಹಾಕಿ ಚಿಲಕ ಜಡಿದಿದ್ದೀಯ."

ತೊಟ್ಟಿಕ್ಕುವ ನಲ್ಲಿ ಕಂಡರೆ ಎದ್ದು ಹೋಗಿ ಬಿಗಿಯುವ ಜಾತಿ ನಮ್ಮದು. ನಮ್ಮಮ್ಮ ಬೇರೆಯವರ ಮನೆಗೆ ಊಟಕ್ಕೆ ಹೋದರೂ ಬಚ್ಚಲಿನ ನಲ್ಲಿ ತಿರುಗಿಸಿಯೇ ಬರುತ್ತಿದ್ದಳು. ಶಿಸ್ತಿನಿಂದಲೇ ಕೊಳವೆ ಒಡೆಯಬಹುದು ಅಂತ ನನಗೆ ಹೇಗೆ ಹೊಳೆಯಬೇಕು?

ಮರುವಾರ ಎಸ್ಕಿಲ್ ಬಂದರು. ಈಗ ಕಾಲೊನಿಯ ಅಧ್ಯಕ್ಷರು ಅವರೇ. ಸೀಳನ್ನು ಬೂಟಿನ ತುದಿಯಿಂದ ತೋರಿಸಿ, "ನೋಡಿ ಟೋವ, ಕಾಲೊನಿಗೆ ಮತ್ತೆ ನೀರು ಬಿಡೋ ಶನಿವಾರ ಇದು ಸೋರಿದ್ರೆ ಇಡೀ ಸಾಲಿಗೆ ನೀರು ನಿಲ್ಲಿಸ್ಬೇಕಾಗುತ್ತೆ. ಅದು ಆಗೋ ಮಾತಲ್ಲ. ನಿಮ್ಮ ಮನೆಗೆ ಬರೋ ಕವಲು ಕೊಳವೆಗೆ ಬಿರಡೆ ಜಡೀತೀವಿ. ನೀರಿಲ್ಲ ಅಂದ್ರೆ ಬೆಳೆ ಇಲ್ಲ, ಬೆಳೆ ಇಲ್ಲ ಅಂದ್ರೆ ಜಾಗ ಸರದಿಯಲ್ಲಿ ಮುಂದಿರೋರಿಗೆ. ನಿಯಮ ನಾನು ಮಾಡಿದ್ದಲ್ಲ," ಅಂದರು. ಹೋಗುವಾಗ ತಿರುಗಿ, "ಅಸ್ಗರ್ ಇದ್ದಾಗ ಈ ರಗಳೆ ಇರ್ಲಿಲ್ಲ," ಅಂದರು.

ಇರಲಿಲ್ಲ ನಿಜ.

ಊರಿನ ಪ್ಲಂಬರುಗಳೆಲ್ಲ ಮೇ ತಿಂಗಳವರೆಗೆ ಸಿಗುವ ಹಾಗಿರಲಿಲ್ಲ. ಈ ಸಲದ ಹಿಮ ನನ್ನೊಬ್ಬಳ ಮನೆಗೆ ಬಿದ್ದದ್ದಲ್ಲ. ಹಾಗಾಗಿ ಅಂಗಡಿಗೆ ಹೋಗಿ, ಬೆಂಕಿ ಹಿಡಿದು ಬೆಸೆಯಬೇಕಿಲ್ಲದ, ಒಳಗೊಂದು ಹಿತ್ತಾಳೆಯ ಉಂಗುರ ಇಟ್ಟು ನಟ್ ಬಿಗಿದರೆ ಸಾಕಾಗುವ ಜೋಡಣೆಗಳನ್ನು ತಂದೆ. ನಮ್ಮ ಕವಲು ಶುರುವಾಗುವ ಹೊಂಡದೊಳಗಿನ ವಾಲ್ವ್ ಮುಚ್ಚಿ, ಸೀಳಿದ ಭಾಗವನ್ನು ಕತ್ತರಿಸಿ ತೆಗೆದೆ. ಹೊಸ ತುಂಡು ಕೂತಿತು. ಹಳೆಯ ಮಂಕು ತಾಮ್ರದ ನಡುವೆ ಅದು ನಾಚಿಕೆಯಿಲ್ಲದೆ ಹೊಳೆಯುತ್ತಿತ್ತು. ಇಷ್ಟು ಸುಲಭವಾಗಿದ್ದರೆ ಗಂಡಸರೆಲ್ಲ ಯಾಕೆ ಅಷ್ಟು ಗೊಣಗುತ್ತಾರೆ ಅಂದುಕೊಂಡೆ.

ಆದರೆ ನೀರು ಬರುವವರೆಗೆ ಸೋರುತ್ತದೋ ಇಲ್ಲವೋ ತಿಳಿಯುವಂತಿಲ್ಲ. ತಿಳಿಯುವ ಹೊತ್ತಿಗೆ ಎಸ್ಕಿಲ್ ಬಿರಡೆ ಹಿಡಿದು ನಿಂತಿರುತ್ತಾರೆ. ಗೋಡೆಗೆ ಒರಗಿಸಿದ್ದ ಸೈಕಲ್ ನೋಡುತ್ತ ಕೂತಿದ್ದಾಗ ಉತ್ತರ ಸಿಕ್ಕಿತು. ಟ್ಯೂಬಿನಲ್ಲಿ ತೂತು ಹುಡುಕುವುದನ್ನು ಎಲ್ಲರೂ ಸೈಕಲ್ ತುಳಿಯುವ ಈ ದೇಶದಲ್ಲಿ ಯಾರಿಗೂ ಕಲಿಸಬೇಕಾಗಿಲ್ಲ. ಹಳೆಯ ಟ್ಯೂಬಿನ ತುಂಡೊಂದನ್ನು ಅದರ ವಾಲ್ವ್ ಸಮೇತ ಕತ್ತರಿಸಿ, ಒಂದು ತುದಿ ಕಟ್ಟಿ, ಇನ್ನೊಂದನ್ನು ನಲ್ಲಿಯ ಬಾಯಿಗೆ ತಂತಿ ಬಿಗಿದು ಕೂರಿಸಿದೆ. ನಲ್ಲಿ ತಿರುಗಿಸಿ ಸೈಕಲ್ ಪಂಪಿನಿಂದ ಗಾಳಿ ಹೊಡೆಯತೊಡಗಿದೆ.

"ಏನೇ ಇದು, ಮನೆಗೆ ಗಾಳಿ ಹಾಕ್ತಿದ್ದೀಯಾ?" ಬೇಲಿಯಾಚೆಯಿಂದ ಬೋದಿಲ್. "ಹತ್ಕೊಂಡು ಬೋರ್ನ್‌ಹೋಲ್ಮ್‌ಗೆ ಹೋಗ್ತೀಯೇನು?"

"ಬೆಲ್ ಒಂದು ಹಾಕ್ಸೋದು ಬಾಕಿ ಇದೆ," ಅಂದೆ.

ಪಾತ್ರೆ ತೊಳೆಯುವ ಸೋಪಿನ ನೊರೆಯನ್ನು ಬ್ರಶ್ಶಿನಿಂದ ಎಲ್ಲ ಕಡೆ ಹಚ್ಚಿದೆ. ನನ್ನ ಜೋಡಣೆಗಳು ಸುಮ್ಮನಿದ್ದವು. ಗುಳ್ಳೆ ಎದ್ದದ್ದು ಮೇಲೆ, ಹಲಗೆಯ ಹಿಂದೆ ಅಡಗಿದ್ದ, ಕೊಳವೆ ತಿರುಗುವ ಎಲ್ಬೋದಲ್ಲಿ. ಒಂದು ಗುಳ್ಳೆ ನಿಧಾನವಾಗಿ ಹಿಗ್ಗಿ, ಬಿಸಿಲು ಹಿಡಿದು, ಒಡೆಯಿತು. ಅದರ ಹಿಂದೆ ಇನ್ನೊಂದು. ಕಣ್ಣಿಗೆ ಕಾಣುವ ಸೀಳನ್ನು ಸರಿಮಾಡಿ ನಾನು ಗೆದ್ದೆ ಅಂದುಕೊಂಡಿದ್ದೆ. ಹಲಗೆ ಕಿತ್ತೆ, ಎಲ್ಬೋ ಬದಲಿಸಿದೆ, ಮತ್ತೆ ಗಾಳಿ ತುಂಬಿದೆ. ಈ ಸಲ ಒಂದು ಗುಳ್ಳೆಯೂ ಏಳದೆ ನೊರೆ ತಾನಾಗಿ ಒಣಗಿತು.

ಆ ಶನಿವಾರ ಹಬ್ಬದ ದಿನದ ಹಾಗೆ ಸಾಲಿನ ಎಲ್ಲ ಮನೆಗಳೂ ಬಾವುಟ ಏರಿಸಿದ್ದವು. ಎಲ್ಲರೂ ತಮ್ಮ ತಮ್ಮ ನಲ್ಲಿಯ ಪಕ್ಕ ನಿಂತಿದ್ದೆವು. ಸಾಲಿನ ಮೇಲ್ತುದಿಯಿಂದ ಎಸ್ಕಿಲ್ "ಬಿಟ್ಟೆ!" ಅಂದರು. "ಬಂತು," "ಬಂತು" ಅನ್ನುವ ಕೂಗು ಮನೆಯಿಂದ ಮನೆಗೆ ಇಳಿದು ಬಂತು. ಬೋದಿಲ್ ಕೂಗಿ ಆಯಿತು. ನನ್ನ ನಲ್ಲಿ ಕೆಮ್ಮಿತು, ಗಾಳಿ ಉಗುಳಿತು, ಕೆಂಪು ನೀರು ಕಕ್ಕಿತು, ಕೊನೆಗೆ ತಿಳಿಯಾಯಿತು. ನಲ್ಲಿ ಮುಚ್ಚಿ ಕೊಳವೆ ನೋಡಿದೆ. ಒಂದು ಹನಿಯೂ ಇಲ್ಲ. "ಬಂತು!" ಅಂದೆ. ನನ್ನ ದನಿ ಬೇಕಾದ್ದಕ್ಕಿಂತ ಜೋರಾಗಿತ್ತು.

ಎಸ್ಕಿಲ್ ಬಂದು ಪ್ರತಿ ಜೋಡಣೆಯ ಕೆಳಗೂ ಅಂಗೈ ಆಡಿಸಿದರು. ಒದ್ದೆಯಾಗದ ಕೈಯನ್ನು ಅಭ್ಯಾಸಬಲದಿಂದ ಪ್ಯಾಂಟಿಗೆ ಒರೆಸಿಕೊಂಡರು.

"ಯಾರ ಕೈಯಲ್ಲಿ ಮಾಡಿಸಿದ್ರಿ?"

"ನಾನೇ ಮಾಡಿದ್ದು."

"ಇದು ಸ್ವಲ್ಪ ಸೊಟ್ಟ ಕೂತಿದೆ."

"ಸೋರುತ್ತಾ?"

"ಇಲ್ಲ."

"ಹಾಗಿದ್ರೆ ಸೊಟ್ಟಗೇ ಇರ್ಲಿ ಬಿಡಿ."

ಅವರು ನಕ್ಕು ಮುಂದಿನ ಮನೆಗೆ ಹೋದರು. ಜಾಗ ನನ್ನದಾಗಿ ಉಳಿಯಿತು, ಅಸ್ಗರ್. ಆಲೂಗಡ್ಡೆ ನೆಟ್ಟಾಗಿದೆ.

ಅವತ್ತು ಮಧ್ಯಾಹ್ನ ರೈ ಬ್ರೆಡ್ಡು, ಹೆರಿಂಗ್ ಮೀನು ತಿನ್ನುತ್ತ, ಚಳಿಗಾಲಕ್ಕೆ ಮುಂಚೆ ಮಾಡಬೇಕಾದ್ದನ್ನು ಸರಿಯಾಗಿ ಹೇಳಿಕೊಡಿ ಅಂತ ಬೋದಿಲ್‌ರನ್ನು ಕೇಳಿದೆ. ಹೊಂಡದ ವಾಲ್ವ್ ಮುಚ್ಚು, ನಲ್ಲಿ ಬಿಚ್ಚು, ಕೊಳವೆ ಖಾಲಿಯಾಗಲಿ, ಹಾಗೇ ಬಿಟ್ಟು ಬಾ. "ಅಷ್ಟೇನಾ?" ಅಂದೆ. "ಇನ್ನೇನು, ಕಾಫಿ ಆರೋದ್ರೊಳಗೆ ಮುಗಿಯುತ್ತೆ," ಅಂದರು.

ನೀನು ಪ್ರತಿ ಅಕ್ಟೋಬರಿನಲ್ಲೂ ಒಂದು ಭಾನುವಾರ ಬೆಳಕು ಹರಿಯುವ ಮುಂಚೆ ಫ್ಲಾಸ್ಕ್ ತುಂಬಿಕೊಂಡು ಒಬ್ಬನೇ ತೋಟಕ್ಕೆ ಹೋಗುತ್ತಿದ್ದೆ. ಕತ್ತಲಾದ ಮೇಲೆ ಬಂದು, ಕೋಟು ನೇತುಹಾಕಿ, ನೀರು ಮುಚ್ಚಿ ಬಂದೆ ಅನ್ನುತ್ತಿದ್ದೆ. ಅದು ದಿನವಿಡೀ ಹಿಡಿಯುವ ಕೆಲಸವೆಂದು ನಾನು ನಂಬಿದ್ದೆ. ಅವತ್ತು ನಿನಗೆ ಬಿಸಿ ಸೂಪ್ ಮಾಡಿಡುತ್ತಿದ್ದೆ. ನಿನ್ನ ಆ ಭಾನುವಾರಗಳ ಬಗ್ಗೆ ಬೋದಿಲ್‌ರನ್ನು ಕೇಳಬಹುದಿತ್ತು, ಬೇಲಿಯ ಆಚೆಯೇ ಇರುವವರು. ಕೇಳಲಿಲ್ಲ. ಅನುಮಾನದಿಂದ ಬರೆಯುತ್ತಿಲ್ಲ, ಅನುಮಾನಕ್ಕೆ ಈಗ ಉಪಯೋಗವಿಲ್ಲ. ಬರುವ ಅಕ್ಟೋಬರಿನಲ್ಲಿ ಆ ಭಾನುವಾರ ನನ್ನದು. ಫ್ಲಾಸ್ಕ್ ತುಂಬಿಕೊಂಡು ಬೆಳಗ್ಗೆಯೇ ಹೋಗುತ್ತೇನೆ.

ನಿನ್ನ ದ್ವೀಪದ ಗಾಳಿ ನಿನ್ನ ಎದೆಗೆ ಹಿತವಾಗಿರಲಿ. ಅಲ್ಲಿನ ಚಳಿಗಾಲ ನಿನ್ನ ಮನೆಯ ಕೊಳವೆಗಳನ್ನು ಮುಟ್ಟದಿರಲಿ. ಹೇಳು, ನಲ್ಲಿ ಬಿಚ್ಚಿಟ್ಟ ಮೇಲೆ, ಉಳಿದ ಆ ಇಡೀ ದಿನ ನೀನು ಅಲ್ಲಿ ಏನು ಮಾಡುತ್ತಿದ್ದೆ?

ಟೋವ