ಹಳೆಯ ಗುಮ್ಮಟಕ್ಕೆ ಹೊಸ ದೂರದರ್ಶಕ

ಇಬ್ರಿ, ಒಮಾನ್
೧೩ ಫೆಬ್ರವರಿ ೧೯೮೭, ಶುಕ್ರವಾರ

ಚಿರಂಜೀವಿ ಶ್ಯಾಮೂಗೆ ಅಕ್ಕನ ಆಶೀರ್ವಾದಗಳು.

ನಿನ್ನ ಬೆನ್ನುನೋವು ಹೇಗಿದೆ? ದಿನವಿಡೀ ನಕ್ಷೆಯ ಮೇಲೆ ಬಗ್ಗಿ ಕೂತರೆ ಇನ್ನೇನಾಗುತ್ತದೆ! ಅಮ್ಮನ ಕೈಲಿ ಎಳ್ಳೆಣ್ಣೆ ಹಚ್ಚಿಸಿಕೋ. ನಾವಿಲ್ಲಿ ಕ್ಷೇಮ.

ನೀನು ಕಳಿಸಿದ ನಕ್ಷೆ ತಲುಪಿತು. ವೀಕ್ಷಣಾಲಯದ ಹಳೆಯ ಗುಮ್ಮಟ ಒಡೆಯುವಂತಿಲ್ಲ, ಗೋಡೆ ಮುಟ್ಟುವಂತಿಲ್ಲ, ಅದರೊಳಗೇ ಮೊದಲಿಗಿಂತ ಎರಡು ಪಟ್ಟು ದೊಡ್ಡ ಕನ್ನಡಿಯ ದೂರದರ್ಶಕ ಕೂರಬೇಕು, ಅದನ್ನು ಸಾಧಿಸಿದ್ದೀಯ. ‘ಕೊಳವೆ ಅಡ್ಡ ಮಲಗಿದಾಗ ಅದರ ತುದಿಗೂ ಗೋಡೆಗೂ ಒಂದೇ ಅಂಗುಲ, ನೋಡಕ್ಕಾ’ ಎಂದು ಕೆಂಪು ಶಾಯಿಯಲ್ಲಿ ಬೇರೆ ಬರೆದಿದ್ದೀಯ. ನೋಡಿದೆ. ಹೊಟ್ಟೆ ಉರಿಯಿತು ಕಣೋ, ಸುಳ್ಳೇಕೆ ಹೇಳಲಿ? ಬಿ.ಎಸ್ಸಿ.ಯಲ್ಲಿ ಕಾಲೇಜಿಗೇ ಮೊದಲು ಬಂದವಳು ನಾನು. ಮಸೂರದಲ್ಲಿ ಬೆಳಕು ಹೇಗೆ ಬಾಗುತ್ತದೆಂದು ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಲ್ಲಿ ಬರೆದು ನಿನಗೆ ಕಲಿಸಿದವಳೂ ನಾನೇ. “ಇಬ್ಬರನ್ನೂ ಓದಿಸೋಕಾಗಲ್ಲ” ಅಂದರು ಅಪ್ಪ, ನಿನಗೆ ಎಂ.ಎಸ್ಸಿ., ನನಗೆ ಮಾಂಗಲ್ಯ. ಈಗ ನೀನು ನಕ್ಷತ್ರ ನೋಡುವ ಕನ್ನಡಿಗೆ ಲೆಕ್ಕ ಹಾಕುತ್ತೀಯ, ನಾನು ಕಂಟ್ರಾಕ್ಟರ್ ಆಫೀಸಿನಲ್ಲಿ ನೀರಿನ ಟ್ಯಾಂಕಿಗೆ ಗೆರೆ ಎಳೆಯುತ್ತೇನೆ. ಇದೇ ಇಪ್ಪತ್ತೆಂಟಕ್ಕೆ ಕನ್ನಡಿಯ ಗಾಜು ಉಜ್ಜಲು ಕೊಡುತ್ತೀಯಂತೆ. ಕೊಡು ಬಿಡು.

ನನ್ನ ಆ ಗೆರೆಯ ಮಾನವೂ ಹೋದ ತಿಂಗಳು ಹೋಯಿತು. ದುಂಡನೆಯ ಪಂಪುಮನೆ ನನ್ನದೇ ನಕ್ಷೆ. ಪಂಪು ಒಳಗೆ ಕೂರಲೇ ಇಲ್ಲ. ಉಳ್ಳಾಲದ ಮೇಸ್ತ್ರಿ ಮಮ್ಮದ್ ಎಲ್ಲರೆದುರೇ, “ಮೇಡಂ, ನೀವು ಗಾರೆ ಲೆಕ್ಕ ಹಿಡೀಲೇ ಇಲ್ಲ ಮಾರಾಯ್ರೆ! ದುಂಡು ಗೋಡೆಗೆ ಗಾರೆ ದಪ್ಪ ಬೇಕಲ್ಲ. ಈಗ ಖಲಾಸ್!” ಎಂದ. ಎರಡು ದಿನ ಯಾರ ಮುಖವನ್ನೂ ನೋಡಲಿಲ್ಲ.

ಅಮ್ಮನಿಗೆ ನಮ್ಮೆಲ್ಲರ ನಮಸ್ಕಾರ ತಿಳಿಸು. ನೂರು ಕಾಲ ಬಾಳು.

ನಿನ್ನ ಅಕ್ಕ,
ನೀರಜಾ

ತಾ.ಕ.: ಪಕ್ಕದ ಮನೆಯ ಪಾಸ್ಕಲ್ ಊರಿಗೆ ಹೊರಟು ಬಾಗಿಲಲ್ಲಿ ನಿಂತಿದ್ದಾನೆ, ಕಾಗದ ಬೊಂಬಾಯಿಯಲ್ಲಿ ಅಂಚೆಗೆ ಹಾಕುತ್ತಾನೆ. ಇದನ್ನು ಬರೆಯದಿರಲು ಮೂರು ದಿನ ನೋಡಿದೆ. ಒಮ್ಮೆ ನೀನೂ ಸೋಲಲಿ ಅನ್ನಿಸಿತ್ತು. ನೀನು ಅಳತೆ ಎತ್ತಿಕೊಂಡಿರುವುದು ಗುಮ್ಮಟದ ಹಳೆಯ ನಕ್ಷೆಯಿಂದ ಎಂದು ನಿನ್ನ ನಕ್ಷೆಯಲ್ಲೇ ಇದೆ. ಅದು ಇಟ್ಟಿಗೆಯಿಂದ ಇಟ್ಟಿಗೆಗೆ ಹಿಡಿದ ಅಳತೆ, ಗಾರೆ ಸೇರಿಲ್ಲ. ಆ ದುಂಡು ಗೋಡೆಗೆ ಎರಡಂಗುಲವಾದರೂ ಗಾರೆ ಇರುತ್ತದೆ. ನಿನ್ನ ಕೊಳವೆ ತಾಗುತ್ತದೆ. ಗಾಜು ಕೊಡಬೇಡ. ಟೇಪು ಹಿಡಿದು ನೀನೇ ಅಳೆ, ಕೊಳವೆ ಗಿಡ್ಡ ಮಾಡಿ ಕನ್ನಡಿಯ ಬಾಗು ಮತ್ತೆ ಲೆಕ್ಕ ಹಾಕು. ನಕ್ಷೆಯ ಮೂಲೆಯಲ್ಲಿ ‘ಪರಿಶೀಲಿಸಿದವರು’ ಎಂಬ ಜಾಗ ಖಾಲಿ ಇದೆ. ಅಲ್ಲಿ ನನ್ನ ಹೆಸರು ಬರೆ. ಶ್ರೀಮತಿ ಇಂಥವರು ಅಂತಲ್ಲ, ನೀರಜಾ, ಬಿ.ಎಸ್ಸಿ.