ಎಡಗಡೆಯ ಪಂಪಿನ ಸದ್ದು

ಮನೆಯಿಂದ, ಮಹಡಿ ಕೋಣೆ
ಜೂನ್ ೧೪, ಭಾನುವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ತಿನ್ನುತ್ತಿದ್ದೀಯಾ? ಗಂಟಲು ಹೇಗಿದೆ? ಮೂರು ವರ್ಷ ಒಂದು ಸಾಲೂ ಬರೆಯದ ಅಕ್ಕ ಇದ್ದಕ್ಕಿದ್ದಂತೆ ಗಂಟಲಿನ ಯೋಗಕ್ಷೇಮ ಕೇಳುತ್ತಿದ್ದಾಳೆ, ಇದರಲ್ಲೇನೋ ಮಸಲತ್ತಿದೆ ಅಂದುಕೊಂಡಿರುತ್ತೀಯ. ಸರಿಯಾಗೇ ಅಂದುಕೊಂಡಿದ್ದೀಯ. ನನಗೆ ನಿನ್ನ, ಅಪ್ಪನ, ಅಮ್ಮನ, ಮೂವರ ಮೇಲೂ ಅನುಮಾನ ಬಂದಿದೆ. ಇಲ್ಲಿ ಎಲ್ಲರೂ ಕ್ಷೇಮ. ಅಪ್ಪನ ಮಂಡಿನೋವು ಹಾಗೇ ಇದೆ. ಅಮ್ಮ ಮಾತ್ರ ಜನವರಿಯಿಂದ ಕಾರಣವಿಲ್ಲದೆ ಖುಷಿಯಾಗಿದ್ದಾಳೆ. ಅನುಮಾನ ಶುರುವಾಗಿದ್ದೇ ಅಲ್ಲಿಂದ.

ನಾನು ಗ್ರಾಮಫೋನ್ ರೆಕಾರ್ಡ್ ತಯಾರಿಸುವ ಕಾರ್ಖಾನೆ ಸೇರಿದ್ದು ನಿನಗೆ ಗೊತ್ತಿರಬೇಕು. ಯಾರು ಹೇಳಿದರು ಅಂತ ಕೇಳುವುದಿಲ್ಲ. ಯಾವ ಹೊಸ ರೆಕಾರ್ಡೇ ಆಗಲಿ, ಅಂಗಡಿಗೆ ಹೋಗುವ ಮುಂಚೆ ಮೊದಲ ಪ್ರತಿ ನನ್ನ ಮೇಜಿಗೆ ಬರುತ್ತದೆ. ಕೂತು ಕೇಳಿ, ಎಲ್ಲಿ ಕರಕರ, ಎಲ್ಲಿ ಗುಂಯ್ ಅಂತ ಬರೆದುಕೊಡುವುದು ನನ್ನ ಕೆಲಸ. ಒಂದೇ ಕಿವಿಯಲ್ಲಿ ಹೇಗೆ ಮಾಡುತ್ತೀಯ ಅನ್ನಬೇಡ. ಮೂರು ವರ್ಷದ ಹಿಂದೆ ಅವತ್ತು ನಮ್ಮ ಮನೆಯ ಗ್ಯಾರೇಜಿನಲ್ಲಿ, ನನ್ನ ಪಕ್ಕದಲ್ಲೇ, ಬೇಡ ಬೇಡ ಅಂದರೂ ಕೇಳದೆ ನೀನು ಗಿಟಾರಿನ ಆಂಪ್ಲಿಫೈಯರಿನ ಸದ್ದನ್ನು ಪೂರ್ತಿ ಏರಿಸಿದ ಮೇಲೆ ಎಡಗಿವಿಯಲ್ಲಿ ಉಳಿದಿರುವುದು ಬರೀ ಶಿಳ್ಳೆ. ಕಾರ್ಖಾನೆಯಲ್ಲಿ ಯಾರಿಗೂ ಹೇಳಿಲ್ಲ. ಹೆಡ್‌ಫೋನನ್ನು ಒಮ್ಮೆ ಸರಿಯಾಗಿ, ಒಮ್ಮೆ ಅದಲು ಬದಲು ಮಾಡಿ ಹಾಕಿಕೊಂಡು ಎರಡೂ ಕಡೆಯ ಸದ್ದನ್ನು ಬಲಗಿವಿಯಲ್ಲೇ ಕೇಳುತ್ತೇನೆ. ಎಲ್ಲವನ್ನೂ ಎರಡೆರಡು ಸಲ ಕೇಳುವ ಶ್ರದ್ಧಾವಂತೆ ಅಂತ ಮೇಲ್ವಿಚಾರಕರು ಹೊಗಳುತ್ತಾರೆ. ನಾನು ಬಾಯಿ ಮುಚ್ಚಿಕೊಂಡು ಹೊಗಳಿಸಿಕೊಳ್ಳುತ್ತೇನೆ.

ಈ ತಿಂಗಳು ಬಂದದ್ದೆಲ್ಲ ಪಂಕ್ ಮತ್ತು ಗ್ಯಾರೇಜ್ ರಾಕ್, ಅದೇ ನಿಮ್ಮ ಗಿಟಾರು, ಕಿರುಚಾಟದ ಹಾಡುಗಳು. ಒಟ್ಟು ಏಳು ರೆಕಾರ್ಡು. ಒಂದರಲ್ಲಿ ಮೂರು ಜನ ಹುಡುಗಿಯರು ಮನೆ ಮಾಲೀಕನನ್ನು ಬೈಯುತ್ತಾರೆ, ನಾನು ಪೆನ್ನಿನ ಮುಚ್ಚಳ ತೆಗೆಯುವಷ್ಟರಲ್ಲಿ ಹಾಡು ಮುಗಿದಿರುತ್ತದೆ. (ಅದು ನನಗೆ ಹಿಡಿಸಿತು, ಯಾರಿಗೂ ಹೇಳಬೇಡ.) ಈ ಜನರ ಹತ್ತಿರ ಯಾವುದು ದೋಷ, ಯಾವುದು ಸಂಗೀತ ಅಂತ ಬ್ರಹ್ಮನಿಗೂ ತಿಳಿಯದು. ಕರಕರ ಇದೆ ಅಂತ ಬರೆದು ಕಳಿಸಿದರೆ ಅದು ಬೇಕಂತಲೇ ಇಟ್ಟದ್ದು ಅನ್ನುತ್ತಾರೆ. ಏಳನೆಯದರ ಹೊದಿಕೆಯ ಮೇಲೆ ಯಾರ ಹೆಸರೂ ಇಲ್ಲ, ಒಂದು ಎಣ್ಣೆ ಡಬ್ಬದ ಚಿತ್ರ ಅಷ್ಟೆ. ಹಾಡುವವನ ದನಿ ಆ ಕಿರುಚಾಟದಲ್ಲಿ ಯಾರದ್ದಾದರೂ ಆಗಬಹುದಿತ್ತು. ಆದರೆ ಎರಡನೇ ಮಗ್ಗುಲಿನ ಮೂರನೇ ಹಾಡಿನಲ್ಲಿ, ಹೆಡ್‌ಫೋನ್ ತಿರುಗಿಸಿ ಬರೀ ಎಡಗಡೆಯ ಸದ್ದು ಕೇಳುವಾಗ, ಗಿಟಾರಿನ ಹಿಂದೆ ಏನೋ ಗುಂಯ್‌ಗುಟ್ಟಿತು. ಗುಂಯ್ ಅಂದು ಒಂದು ಬಿಕ್ಕು, ಮತ್ತೆ ಗುಂಯ್, ಮತ್ತೆ ಬಿಕ್ಕು. ನಮ್ಮ ಗ್ಯಾರೇಜಿನ ಗೋಡೆಯಾಚೆಯ ನೀರಿನ ಪಂಪು! ಹೋದ ಡಿಸೆಂಬರಿನಲ್ಲಿ ಅಪ್ಪ ಅದಕ್ಕೆ ಸೈಕಲ್ ಟ್ಯೂಬಿನ ತುಂಡು ಸಿಕ್ಕಿಸಿದ ಮೇಲೆ ಅದು ಹಾಗೆ ಬಿಕ್ಕುತ್ತದೆ, ಜಗತ್ತಿನ ಬೇರೆ ಯಾವ ಪಂಪಿಗೂ ಆ ರೋಗವಿಲ್ಲ. ಅಂದರೆ ನೀನು ನಮ್ಮ ಗ್ಯಾರೇಜಿಗೆ ಬಂದಿದ್ದೆ. ಜನವರಿಯಲ್ಲಿ ನಾನು ತರಬೇತಿಗೆ ಅಂತ ಬೇರೆ ಊರಿಗೆ ಹೋಗಿದ್ದ ವಾರ. ಇನ್ನೊಂದು ಮಾತು: ಹಾಡಿನ ನಡುವೆ ಪಂಪು ನಿಲ್ಲುತ್ತದೆ. ಅದರ ಸ್ವಿಚ್ ಇರುವುದು ಅಡುಗೆಮನೆಯಲ್ಲಿ. ತಾನಾಗಿ ಆರುವ ಜಾತಿಯದಲ್ಲ ಅದು. ನಿನ್ನ ಹಾಡು ಕೆಡದಿರಲಿ ಅಂತ ಯಾರೋ ಓಡಿಹೋಗಿ ಆರಿಸಿದ್ದಾರೆ.

ನಿಯಮ ಮುರಿದು ಆ ರೆಕಾರ್ಡನ್ನು ನಿನ್ನೆ ಮನೆಗೆ ತಂದು ಹಾಕಿದೆ. ಯಾರ ಹಾಡು ಅಂತ ನಾನು ಹೇಳಲಿಲ್ಲ. ಅಪ್ಪ ಪೇಪರ್ ಎತ್ತಿ ಮುಖಕ್ಕೆ ಅಡ್ಡ ಹಿಡಿದರು. "ಏನಮ್ಮಾ ಇದು, ಡಬ್ಬ ಬಡಿದ ಹಾಗೆ" ಅಂದರು, ಅದನ್ನೂ ಸ್ವಲ್ಪ ತಡವಾಗಿ. ಹಾಡು ಗಕ್ಕನೆ ನಿಂತಿತು. ಮುಗಿಯಿತು ಅಂತ ಮುಳ್ಳೆತ್ತಲು ಕೈಚಾಚಿದೆ. ಬಟಾಣಿ ಸುಲಿಯುತ್ತಿದ್ದ ಅಮ್ಮ, "ಇರೇ, ಇನ್ನೂ ಇದೆ" ಅಂದುಬಿಟ್ಟಳು. ಇತ್ತು! ಮತ್ತೆ ಶುರುವಾಯಿತು! ಕಾರ್ಖಾನೆಯಿಂದ ಇನ್ನೂ ಹೊರಗೇ ಬರದ ಹಾಡು ಅಮ್ಮನಿಗೆ ಬಾಯಿಪಾಠ. ಕುಂಬಳಕಾಯಿ ಕಳ್ಳ ಅಂತ ನಾನಿನ್ನೂ ಅಂದೇ ಇರಲಿಲ್ಲ, ಇಬ್ಬರೂ ಹೆಗಲು ಮುಟ್ಟಿ ನೋಡಿಕೊಂಡರು.

ಮೊದಲು ಮೈಯೆಲ್ಲ ಉರಿಯಿತು. ಮೂವರೂ ಸೇರಿ ನನ್ನ ಬೆನ್ನ ಹಿಂದೆ ಆಟ ಕಟ್ಟಿದ್ದಾರೆ ಅನ್ನಿಸಿತು. ಆಮೇಲೆ ಇಬ್ಬರ ಮುಖ ನೋಡಿದೆ. ನನಗೆ ಹೆದರಿ ಕೂತಿದ್ದರು. ಹೆತ್ತ ಮಗನನ್ನು ಕಳ್ಳನ ಹಾಗೆ ಒಳಗೆ ಬಿಟ್ಟುಕೊಂಡು, ಕಳ್ಳನ ಹಾಗೆ ಕಳಿಸಿ, ಐದು ತಿಂಗಳು ಆ ಖುಷಿಯನ್ನು ಮುಚ್ಚಿಟ್ಟುಕೊಂಡಿದ್ದಾರೆ. ಅವರನ್ನು ಹಾಗೆ ಮಾಡಿದ್ದು ಅವತ್ತು ನಾನಾಡಿದ ಮಾತು. ಈ ಕಿವಿ ಸರಿಹೋಗುವವರೆಗೂ ನಿನ್ನ ಮುಖ ನೋಡುವುದಿಲ್ಲ ಅಂದಿದ್ದೆ. ಅವರು ಅದನ್ನು ಮರೆತಿಲ್ಲ, ನೀನೂ ಮರೆತಿಲ್ಲ. ತುಂಬಾ ಅಳು ಬಂತು ಕಣೋ. ಇವತ್ತು ಬೆಳಿಗ್ಗೆ ನಿನ್ನ ರೆಕಾರ್ಡಿನ ತಪಾಸಣೆ ಚೀಟಿ ತುಂಬಿದೆ. ದೋಷ ಅನ್ನುವ ಕಡೆ ಏನೂ ಇಲ್ಲ ಅಂತ ಬರೆದಿದ್ದೇನೆ.

ಬಾರಿಸುವಾಗ ಕಿವಿಗೆ ಹತ್ತಿ ಇಟ್ಟುಕೋ, ನಿನ್ನ ಗುಂಪಿನವರಿಗೂ ಇಡಿಸು. ಅವರಿಗೆಲ್ಲ ನನ್ನ ಆಶೀರ್ವಾದ, ಬೇಕಿದ್ದರೆ ತೆಗೆದುಕೊಳ್ಳಲಿ.

ಇಂತಿ,
ನಿನ್ನ ಅನುಮಾನದ ಅಕ್ಕ

ತಾ.ಕ.: ಅವಸರದಲ್ಲಿ ಬರೆಯುತ್ತಿದ್ದೇನೆ, ಅಮ್ಮ ಮೆಟ್ಟಿಲು ಹತ್ತುತ್ತಿದ್ದಾಳೆ. ಕಿವಿ ಡಾಕ್ಟರು ಹೋದ ವಾರ ಖಂಡಿತವಾಗಿ ಹೇಳಿದರು, ಇದು ಇನ್ನು ಸರಿಹೋಗುವುದಿಲ್ಲವಂತೆ. ಹಾಗಾಗಿ ನೀನು ಅದಕ್ಕೆ ಕಾಯುತ್ತಾ ಕೂರಬೇಡ. ನಾನು ಮನೆಯಲ್ಲಿರುವಾಗಲೇ ಬಾ. ಬಂದರೆ ನನ್ನ ಬಲಗಡೆ ಕೂತುಕೋ, ಮೆಲ್ಲಗೆ ಮಾತಾಡಿದರೂ ಕೇಳಿಸುತ್ತೆ.